ನಿಧಾನದ ಪಟ್ಟಿ

ಚನ್ನಪಟ್ಟಣದ ಒಂದು ಕೇಬಲ್ ಆಫೀಸಿನಲ್ಲಿ ಇಂಟರ್ನೆಟ್ ಸಂಪರ್ಕಗಳ ಮೇಲೆ ಕಣ್ಣಿಡುವುದು ನನ್ನ ಕೆಲಸವಾಗಿತ್ತು. ಯಾವ ಮನೆಯಲ್ಲಿ ಎಷ್ಟು ಡೇಟಾ ಬಳಸುತ್ತಾರೆ ಎಂಬುದು ಪರದೆಯ ಮೇಲೆ ಕಾಣುತ್ತಿತ್ತು. ಯಾಕೆ ಎಂಬುದು ಕಾಣುತ್ತಿರಲಿಲ್ಲ. ವಿಪರೀತ ಬಳಸುವವರನ್ನು ‘ನಿಧಾನದ ಪಟ್ಟಿ’ಗೆ ಸೇರಿಸಿದರೆ ಅವರ ವೇಗ ಕುಸಿಯುತ್ತಿತ್ತು. ಅದನ್ನು ಅವರಿಗೆ ತಿಳಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಫೋನ್ ಮಾಡಿ ಕೇಳಿದರೆ, ಮೋಡೆಮ್ ಆಫ್ ಮಾಡಿ ಆನ್ ಮಾಡಿ ಎನ್ನಬೇಕು. ಬಹಳಷ್ಟು ಜನ ಅಷ್ಟಕ್ಕೇ ಸುಮ್ಮನಾಗುತ್ತಿದ್ದರು. ಈ ಸುಳ್ಳನ್ನು ನಾನು ಚೆನ್ನಾಗಿಯೇ ಹೇಳುತ್ತಿದ್ದೆ, ಒಂದಿಷ್ಟೂ ತಡವರಿಸದೆ.

ಬೊಂಬೆ ಮಾಡುವವರ ಬೀದಿಯ ಒಂದು ಮನೆಯಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಒಂದೇ ಸಮನೆ ಡೇಟಾ ಹೊರಗೆ ಹೋಗುತ್ತಿತ್ತು. ಕೇಬಲ್ ಲೈನಿನಲ್ಲಿ ಒಳಬರುವ ದಾರಿ ಅಗಲ, ಹೊರಹೋಗುವ ದಾರಿ ಇಕ್ಕಟ್ಟು. ಒಬ್ಬರೇ ಅದನ್ನು ತುಂಬಿಕೊಂಡರೆ ಬೀದಿಯವರೆಲ್ಲ ತೆವಳಬೇಕು. ಅಕ್ಕಪಕ್ಕದವರ ದೂರುಗಳು ಬಂದವು.

ನಮ್ಮ ಆಫೀಸಿನ ಮಾಲೀಕರು ಪರದೆ ನೋಡಿ, “ಯಾವನೋ ಪಕ್ಕದ್ ಮನೆಗೂ ವೈರ್ ಎಳ್ಕೊಟ್ಟವ್ನೆ ಕಣ್ಲಾ. ಒಸಿ ಅಮುಕ್ಬುಡು,” ಅಂದರು. ನಮ್ಮೂರಲ್ಲಿ ಮಹಡಿಯಿಂದ ಮಹಡಿಗೆ ಹಾಗೆ ವೈರ್ ಎಳೆಯುವುದು ಹೊಸದೇನಲ್ಲ. ನನಗೂ ಅನುಮಾನ ಉಳಿಯಲಿಲ್ಲ, ಆ ಮನೆಯನ್ನು ಪಟ್ಟಿಗೆ ಸೇರಿಸಿ ಅಮುಕಿದೆ.

ಮರುದಿನ ಹನ್ನೊಂದರ ಹೊತ್ತಿಗೆ ಆ ಮನೆಯ ಹೆಂಗಸು ಫೋನ್ ಮಾಡಿದರು. “ಅಣ್ಣಾ, ವಿಡಿಯೊ ನಿಂತ್ ನಿಂತ್ ಬತ್ತಾ ಐತೆ.”

“ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅಕ್ಕ, ಸರಿಹೋಯ್ತದೆ.”

ಮತ್ತೆ ಫೋನ್ ಬರಲಿಲ್ಲ. ಇವರೂ ಸುಮ್ಮನಾದರು ಅಂದುಕೊಂಡೆ.

ಮೂರು ದಿನ ಕಳೆದ ಮೇಲೆ ಅವರು ಹೊಸ ಮೋಡೆಮ್ ಬೇಕೆಂದು ಕೇಳಿದರು. ಅಕ್ರಮದ ವೈರನ್ನು ಕಣ್ಣಾರೆ ನೋಡೋಣವೆಂಬ ಹುಮ್ಮಸ್ಸಿನಲ್ಲಿ ನಾನೇ ಹೋದೆ. ಮಹಡಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗ ಬಿಟ್ಟರೆ ಬೇರೇನೂ ಇರಲಿಲ್ಲ. ಒಳಗೆ, ಲಕ್ವ ಹೊಡೆದ ಅವರ ತಾಯಿ ಮಂಚದ ಮೇಲಿದ್ದರು. ಒಂದು ಕೈಗೆ ಹೊಸ ಪ್ಲಾಸ್ಟರ್ ಹಾಕಿತ್ತು. ಎದುರಿನ ಕಿಟಕಿಯ ಸರಳಿಗೆ ಹಳೆಯ ಫೋನೊಂದನ್ನು ಕಟ್ಟಿದ್ದರು. ಅದರಲ್ಲಿ ವಿಡಿಯೊ ಕಾಲ್ ನಡೆಯುತ್ತಲೇ ಇತ್ತು. ಮಗಳು ದಿನವಿಡೀ ಬೀದಿಯ ಕೊನೆಯ ಶೆಡ್ಡಿನಲ್ಲಿ ಲೇತ್ ಮೇಲೆ ಬೊಂಬೆ ಕಡೆಯುತ್ತಿದ್ದರು. ಯಂತ್ರದ ಸದ್ದಿನಲ್ಲಿ ತಾಯಿ ಕೂಗಿದರೂ ಕೇಳದು. ಹಾಗಾಗಿ ಇನ್ನೊಂದು ಫೋನನ್ನು ಎದುರಿಗಿಟ್ಟುಕೊಂಡು, ಆಗಾಗ ನೋಡಿಕೊಳ್ಳುತ್ತಾ, ಬಣ್ಣದ ಅರಗು ಹಚ್ಚುತ್ತಿದ್ದರಂತೆ.

“ಅವತ್ತು ನೀವು ಹೇಳ್ದಂಗೆ ಆಫ್ ಮಾಡಿ ಆನ್ ಮಾಡ್ದೆ ಅಣ್ಣ. ವಿಡಿಯೊ ಬಂತು, ಸರಿಹೋಯ್ತು ಅಂದ್ಕಂಡೆ. ಎರಡ್ಸಲ ನೋಡಿದ್ರೂ ಅಮ್ಮ ಮಲಗೇ ಇದ್ಲು. ಊಟಕ್ ಬಂದ್ರೆ ನೆಲದ ಮೇಲೆ ಬಿದ್ದವ್ಳೆ. ಯಾವಾಗ ಬಿದ್ಲೋ! ತಪ್ಪು ನಂದೇ, ಹಳೇ ಮೋಡೆಮ್ಮು, ಮೊದ್ಲೇ ಬದಲಾಯಿಸ್ಬೇಕಿತ್ತು.”

ಅವರು ಎರಡು ಸಲ ನೋಡಿದ್ದು ನಿಂತುಹೋದ ಚಿತ್ರವನ್ನು. ನಿಲ್ಲಿಸಿದವನು ನಾನು. ಅದನ್ನು ಅಲ್ಲೇ ಹೇಳಬೇಕಿತ್ತು. ಹೇಳುವ ಬದಲು, ಚೆನ್ನಾಗಿಯೇ ಇದ್ದ ಮೋಡೆಮ್ ಬಿಚ್ಚಿ ಹೊಸದನ್ನು ಹಾಕಿದೆ. ಆಮೇಲೆ ಹೊರಗೆ ಬಂದು, ಆಫೀಸಿಗೆ ಫೋನ್ ಮಾಡಿ ಆ ಮನೆಯನ್ನು ಪಟ್ಟಿಯಿಂದ ತೆಗೆಸಿದೆ.

ಒಳಗೆ ಹೋದಾಗ ಮಗಳು ಕೈಯಲ್ಲಿದ್ದ ಫೋನನ್ನು ನನಗೆ ತೋರಿಸಿದರು. ಮಂಚದ ಮೇಲೆ ತಾಯಿ ತಲೆ ಹೊರಳಿಸಿದ ಕೂಡಲೇ ಅದರಲ್ಲೂ ಹೊರಳಿತು.

“ನೋಡಣ್ಣ, ಹೊಸದು ಹಾಕಿದ್ದೇ ತಡ, ಎಷ್ಟು ಚೆನ್ನಾಗ್ ಬತ್ತಾ ಐತೆ! ನೀವು ಬಂದಿದ್ದು ಒಳ್ಳೇದಾಯ್ತು,” ಎಂದು ಅವರು ಟೀ ತಂದುಕೊಟ್ಟರು. ಹಳೆಯ ಮೋಡೆಮನ್ನು ಚೀಲದಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಕುಡಿದೆ.