ಡಬ್ಬಿಯ ಮೇಲೊಂದು ಗೋತ್ರ

ಬಸವೇಶ್ವರನಗರದ ನಿವೃತ್ತ ಹೆಡ್‌ಕ್ಲರ್ಕ್ ಸೇತುರಾಮಯ್ಯನವರು ಯಾವ ಫಾರಂ ಕೊಟ್ಟರೂ ತುಂಬಿ, ಅಂಚಿನಲ್ಲಿ ಇನ್ನೆರಡು ಸಾಲು ಬರೆಯುವ ಆಸಾಮಿ. ಪ್ರಾಸ್ಟೇಟ್ ಕ್ಯಾನ್ಸರಿನ ಗುಮಾನಿಯಿಂದ ಡಾಕ್ಟರು ಮೂತ್ರದಲ್ಲಿ ವಂಶವಾಹಿಯ ಗುರುತು ಹುಡುಕುವ ಹೊಸ ಪರೀಕ್ಷೆ ಬರೆದುಕೊಟ್ಟ ಮೇಲಂತೂ ಅವರ ಗತ್ತು ಹೆಚ್ಚಿದೆ. “ನಿಮ್ಮದು ಬರೀ ಶುಗರ್ ನೋಡೋ ಉಚ್ಚೆ ಕಣ್ರೀ, ನನ್ನದು ಪ್ಲೇನಲ್ಲಿ ಮುಂಬೈಗೆ ಹೋಗುತ್ತೆ!” ಎಂದು ವಾಕಿಂಗ್ ಗೆಳೆಯರನ್ನು ರೇಗಿಸುತ್ತಾರೆ. ವಂಶದ ವಿಷಯವಲ್ಲವೇ ಎಂದು ಮೂತ್ರದ ಡಬ್ಬಿಯ ಚೀಟಿಯಲ್ಲಿ ಹೆಸರಿನ ಜೊತೆಗೆ ಗೋತ್ರವನ್ನೂ ಬರೆದರು. “ಸಾರ್, ಇದು ಅರ್ಚನೆ ಚೀಟಿ ಅಲ್ಲ,” ಎಂದು ಲ್ಯಾಬಿನ ಶೈಲಾ ನಕ್ಕಳು. “ಇರ್ಲಿ ಕಣಮ್ಮಾ, ಅದಲುಬದಲಾಗಬಾರದು.” ಆದರೆ ಅವರ ಫಾರಮ್ಮಿನಲ್ಲಿ, ‘ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ?’ ಎಂಬ ಒಂದು ಸಾಲು ಖಾಲಿಯಿತ್ತು. ಶೈಲಾ ಅದನ್ನು ತೋರಿಸಿದಾಗ ಪೆನ್ನು ತೆಗೆದು ಬರೆದರು: ‘ಅಪ್ಪನಿಗಿತ್ತು.’ ಅಂಚಿನಲ್ಲಿ, ಎಂದಿನಂತೆ, ಇನ್ನೊಂದು ಸಾಲು: ‘ನಾಚಿಕೊಂಡು ಕೊನೆತನಕ ಯಾರಿಗೂ ಹೇಳಲಿಲ್ಲ.’