ತೊಳೆದ ಹಲಗೆಗಳು

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನ ಗಂಡನ ಮನೆ. ಮುಂದೆ ಮಾವನವರ ಮೆಣಸಿನಕಾಯಿ ಮಂಡಿ, ಹಿಂದೆ ಪಡಸಾಲೆ, ಪಡಸಾಲೆಯ ಮೇಲೆ ಸಾಗುವಾನಿ ಹಲಗೆ ಹಾಸಿದ ಮಹಡಿ. ತೊಂಬತ್ತೆಂಟರಲ್ಲಿ ಆ ಮಹಡಿಯ ಒಂದು ತೊಲೆಗೆ ಗೆದ್ದಲು ಹತ್ತಿತು. ಹಲಗೆಗಳನ್ನೆಲ್ಲ ಬಿಚ್ಚಿ, ತೊಲೆ ಬದಲಿಸಿ, ಮತ್ತೆ ಅವೇ ಹಲಗೆಗಳನ್ನು ಕೂರಿಸಬೇಕಾಯಿತು. ನಾನು ಸೊಸೆಯಾಗಿ ಹೋಗಿ ಆಗಷ್ಟೇ ವರ್ಷ ತುಂಬಿತ್ತು. ಆ ಮನೆಯಲ್ಲಿ ಬೆಕ್ಕು ಕೂಗಿದರೆ ಕೇಳುತ್ತಿದ್ದರು, ನಾನು ಮಾತಾಡಿದರೆ ಇಲ್ಲ.

ಕೆಲಸಕ್ಕೆ ಬಂದವರು ನನ್ನ ತವರೂರು ಹರಿಹರದ ವಯಸ್ಸಾದ ಬಡಗಿ. ನನ್ನ ಮದುವೆಯ ಮಂಚ ಮಾಡಿಕೊಟ್ಟವರೂ ಅವರೇ, ಚಾಚಾ ಎನ್ನುತ್ತಿದ್ದೆ. ದಿನಾ ಬೆಳಗಿನ ರೈಲಿಗೆ ಬರುತ್ತಿದ್ದರು. ಹಿಂದಿನವರು ಕೈಗರಗಸದಲ್ಲಿ ಕೊಯ್ದ ಹಲಗೆಗಳವು, ಒಂದರ ಅಗಲ ಇನ್ನೊಂದಕ್ಕಿಲ್ಲ. ಹಾಗಾಗಿ ಚಾಚಾ ಒಂದೊಂದನ್ನು ಬಿಚ್ಚಿದಾಗಲೂ ಅದರ ಅಡಿಮಗ್ಗುಲಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದು ಹಿತ್ತಲಲ್ಲಿ ಒಟ್ಟಿದರು. ಉಳಿಯಿಂದ ಯಾಕೆ ಕೆತ್ತುವುದಿಲ್ಲ ಎಂದು ಕೇಳಿದೆ.

“ಕೆಳಗ ಕೂತೋರಿಗೆ ಇದೇ ಮಾಳಿಗಿ ಅಲ್ಲೇನವ್ವಾ? ಗಾಯ ಮಾಡಬಾರ್ದು. ಎಲ್ಲಾ ಕೂಡ್ಸಿದ ಮ್ಯಾಲೆ ಒರೆಸಿಬಿಡ್ತೀನಿ,” ಎಂದರು.

ಶ್ರಾವಣ ಸೋಮವಾರ ಆ ಮಹಡಿಯಲ್ಲಿ ಸ್ವಾಮಿಗಳ ಪಾದಪೂಜೆ ಆಗಬೇಕಿತ್ತು. ಅದರ ಹಿಂದಿನ ಶುಕ್ರವಾರ ಚಾಚಾ ನಮಾಜಿಗೆಂದು ಊರಲ್ಲೇ ಉಳಿದರು. ಅತ್ತೆ ಹಿತ್ತಲಿಗೆ ಬಂದು ಹಲಗೆಗಳನ್ನು ನೋಡಿ ಮುಖ ಕಿವುಚಿದರು.

“ಯಾರ್ಯಾರ ಕೈಕಾಲು ತಾಗ್ಯಾವೋ ಏನೋ. ಸ್ವಾಮಿಗಳು ಕೂಡ್ರೋ ಜಾಗ. ಬೂದಿ ಹಾಕಿ ತಿಕ್ಕು, ಎರಡೂ ಮಗ್ಗಲು.”

“ನಂಬರ್ ಬರ್ದಾರ್ರೀ ಅತ್ತಿ...”

“ತಿಕ್ಕು ಅಂದ್ರ ತಿಕ್ಕು.”

ಯಾರ್ಯಾರ ಎಂದರೆ ಯಾರ ಎಂಬುದು ನನಗೆ ಗೊತ್ತಿತ್ತು. ಅದೇ ಕೈ ಮಾಡಿದ ಮಂಚದ ಮೇಲೆ ಅವರ ಮಗ ಆರಾಮಾಗಿ ಮಲಗುತ್ತಿದ್ದ. ತೆಂಗಿನ ನಾರು ಹಿಡಿದು ಒಂದರಿಂದ ನಲವತ್ತೊಂದರವರೆಗೆ ತಿಕ್ಕಿದೆ. ತೊಳೆದ ಹಲಗೆಗೆ ಅದೇ ನಂಬರನ್ನು ಮತ್ತೆ ಬರೆಯಬಹುದಿತ್ತು. ಪಿಯುಸಿ ಓದಿದ ತಲೆಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಅತ್ತೆಯ ಮೇಲಿನ ಸಿಟ್ಟಿಗೆ ಬೇಕೆಂದೇ ಬಿಟ್ಟೆನೋ, ಈಗ ಆಣೆ ಮಾಡಿ ಹೇಳಲಾರೆ.

ಶನಿವಾರ ಚಾಚಾ ಹಲಗೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಅಮ್ಮಾರೇ, ಇದರ ಮ್ಯಾಲೆ ನಂಬರ್ ಹಾಕಿದ್ದೆ.”

“ಎಲ್ಲಿ ಹಾಕಿದ್ರಿ? ಮ್ಯಾಲಿನ ಮಗ್ಗಲಿಗೆ ಅಷ್ಟೇ ನೀರು ಹಾಕೀವಿ. ಅಡಿ ಮಗ್ಗಲಿಗೆ ಬರ್ದಿದ್ರ ಇರ್ತಿತ್ತು. ಬರೀಬೇಕು ಅನ್ಕಂಡು ಮರ್ತಿರ್ತೀರಿ, ವಯಸ್ಸಾತು,” ಎಂದರು ಅತ್ತೆ, ಮೆತ್ತಗೆ, ನಗುತ್ತ.

ಚಾಚಾ ನನ್ನ ಕಡೆ ನೋಡಿದರು. ಬೂದಿ ತಿಂದ ನನ್ನ ಬೆರಳ ಸಂದಿ ಇನ್ನೂ ಉರಿಯುತ್ತಿತ್ತು. ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ.

ಎರಡು ದಿನದಲ್ಲಿ ಅಂದಾಜಿನ ಮೇಲೆ ಎಲ್ಲವನ್ನೂ ಕೂರಿಸಿದರು. ಕೆಲವು ಕೂತವು, ಕೆಲವು ಏರುಪೇರಾದವು, ನಡುನಡುವೆ ಸಂದಿ ಉಳಿಯಿತು. ಸೋಮವಾರ ಸ್ವಾಮಿಗಳು ಕೂತ ಮಣೆ ಕುಂಟಿತು. ಪಾದ ತೊಳೆದ ತಟ್ಟೆಯ ನೀರು ಚೆಲ್ಲಿ, ಸಂದಿಯಿಂದ ಇಳಿದು, ಪೂಜೆಗೆ ಬಂದು ಕೆಳಗೆ ಪಡಸಾಲೆಯಲ್ಲಿ ಕೂತಿದ್ದ ಪೇಟೆಯ ಸಾಹುಕಾರರ ತಲೆಯ ಮೇಲೆ ಬಿತ್ತು. ಪಾದೋದಕವೆಂದು ಒಬ್ಬರೂ ಕಣ್ಣಿಗೊತ್ತಿಕೊಳ್ಳಲಿಲ್ಲ.

“ಆ ಬಡಗಿಗೆ ಕೈಯೂ ಹೋಗೈತೆ, ತಲಿನೂ ಹೋಗೈತೆ. ನಂಬರ್ ಹಾಕೋದೇ ಮರ್ತಾನ,” ಎಂದು ಮಾವನವರು ಎಲ್ಲರೆದುರು ಹೇಳಿದರು. ಸಂಜೆಯೊಳಗೆ ಮಂಡಿಪೇಟೆಗೆಲ್ಲ ಗೊತ್ತಾಯಿತು. ಅವರಿಗೆ ಕೆಲಸ ಕೊಡುತ್ತೇವೆಂದಿದ್ದ ಇಬ್ಬರು ಬೇರೆಯವರನ್ನು ಕರೆಸಿದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಮ್ಮ ಮನೆಯ ಕೋತಿಗಳಲ್ಲಿ ನಾನೂ ಒಬ್ಬಳು.

ದೀಪಾವಳಿಗೆ ಹರಿಹರಕ್ಕೆ ಹೋದಾಗ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋದೆ. ಚಾಚಾ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

“ನಮ್ಮೂರ ಮಗಳ ಮನ್ಯಾಗ ಕೆಲಸ ಕೆಡಿಸಿಬಿಟ್ಟೆ, ಮನಸ್ಸಿಗೆ ಹಚ್ಕೋಬ್ಯಾಡವ್ವಾ. ನಂಬರ್ ಬರ್ದಂಗ, ನಿನ್ನ ಕೂಡ ಮಾತಾಡಿದಂಗ ನೆನಪು. ಆದ್ರ ನಾ ಬರ್ದಿದ್ರ ನೀ ಹೇಳ್ತಿದ್ದಿ ಬಿಡು. ಇನ್ನು ಉಳಿ ಹಿಡಿಯೋದಿಲ್ಲ. ಮಂದಿ ಮನಿ ಕೆಡಿಸೋದು ಬ್ಯಾಡ.”

ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಮಾತು ಮಂಡಿಪೇಟೆ ಮುಟ್ಟುತ್ತದೆ, ಅತ್ತೆಯ ಕಿವಿಗೆ ಬೀಳುತ್ತದೆ ಎಂದು ಹೆದರಿದೆ.

“ಇರ್ಲಿ ಬಿಡ್ರಿ ಚಾಚಾ, ವಯಸ್ಸಾದ ಮ್ಯಾಲೆ ಹಂಗಾಗ್ತೈತೆ,” ಎಂದೆ.

ಅವರು ಎದ್ದು ನಿಂತು ನನಗೆ ಕೈಮುಗಿದರು.