ಬೂದು ಪೆಟ್ಟಿಗೆಯೊಳಗಿನ ಉತ್ತರ

ನಮ್ಮ ಕಾಲೇಜಿನ ಗಣಿತದ ಮೇಷ್ಟ್ರಿಗೆ ನಾವು ಸಹೋದ್ಯೋಗಿಗಳು ಇಟ್ಟ ಹೆಸರು ಪೀಠಿಕೆ. ಗಣಿತದ ಬರಹವನ್ನು ಅಚ್ಚಿಗೆ ಸಿದ್ಧಮಾಡುವ ಲೇಟೆಕ್ ಎಡಿಟರಿನಲ್ಲಿ ಡಾಕ್ಯುಮೆಂಟ್ ಸೆಟ್ಟಿಂಗ್ಸ್ ತೆರೆದರೆ ಪ್ರಿಯಾಂಬಲ್, ಅಂದರೆ ಪೀಠಿಕೆ, ಎಂಬ ಖಾಲಿ ಜಾಗವೊಂದು ಸಿಗುತ್ತದೆ. ಅಲ್ಲಿ ಬರೆದ ಆಜ್ಞೆಗಳು ಅಚ್ಚಾಗುವುದಿಲ್ಲ. ಅಚ್ಚಾಗುವ ಪುಟ ಹೇಗಿರಬೇಕೆಂದು ಹೇಳುತ್ತವೆ, ಅಷ್ಟೇ. ಬೇರೆಯವರು ಅಲ್ಲಿ ಎರಡು ಸಾಲು ಗೀಚಿ ಕೆಲಸಕ್ಕೆ ಹೊರಡುತ್ತಾರೆ. ಈ ಮಹಾಶಯರು ಅಲ್ಲೇ ಸಂಸಾರ ಹೂಡಿದ್ದರು. ಕಲನಶಾಸ್ತ್ರದ ಪುಸ್ತಕ ಬರೆಯುತ್ತೇನೆಂದು ಹೊರಟವರ ಪ್ರಿಯಾಂಬಲ್ ಎಂಟು ಪುಟ, ಪುಸ್ತಕ ಒಂದೂವರೆ. ಮೂಗಿಗಿಂತ ಮೂಗುತಿ ಭಾರ.

"ಪುಸ್ತಕ ಎಲ್ಲೀತನಕ ಬಂತ್ರೀ?" ಎಂದು ಹೆಂಡತಿ ಕೇಳಿದರೆ "ಅಂಚು ಸರಿಹೋಯ್ತು ಕಣೆ" ಅನ್ನುತ್ತಿದ್ದರಂತೆ.

"ಅಂಚಿನ ಒಳಗೆ ಏನಿದೆ?"

"ಅದಕ್ಕೇನು, ಬರೆದ್ರಾಯ್ತು."

ಆ ವರ್ಷದ ಕೊನೆಯ ಪರೀಕ್ಷೆಗೆ ಸಂಖ್ಯಾಶಾಸ್ತ್ರದ ಮೇಡಂ ಪ್ರಶ್ನೆಪತ್ರಿಕೆ ತಯಾರಿಸಿದರು. ಮೌಲ್ಯಮಾಪಕರಿಗೆ ಅನುಕೂಲವಾಗಲೆಂದು ಪ್ರತಿ ಪ್ರಶ್ನೆಯ ಕೆಳಗೆ ಉತ್ತರವನ್ನೂ ಅದೇ ಫೈಲಿನಲ್ಲಿ ಬರೆದು, ವಿದ್ಯಾರ್ಥಿಗಳ ಪ್ರತಿಯಲ್ಲಿ ಅದು ಕಾಣದಂತೆ ಪ್ರಿಯಾಂಬಲ್‌ನಲ್ಲಿ ಒಂದು ಸಾಲು ಹಾಕಿದ್ದರು. "ಕೊಡಿ, ಸ್ವಲ್ಪ ಲಕ್ಷಣವಾಗಿ ಮಾಡ್ತೀನಿ" ಎಂದು ಪೀಠಿಕೆ ಆ ಫೈಲ್ ಇಸಿದುಕೊಂಡರು. ಮೇಡಂ ಬರೆದಿದ್ದ ಬಡಕಲು ಪ್ರಿಯಾಂಬಲ್ ಕಂಡು ಮೂಗು ಮುರಿದು, ಅದನ್ನು ಪೂರ್ತಿ ಅಳಿಸಿ ತಮ್ಮದನ್ನು ಅಂಟಿಸಿದರು. ಅದರಲ್ಲಿ ಉತ್ತರಗಳಿಗೆಂದೇ ಬೂದುಬಣ್ಣದ ಪೆಟ್ಟಿಗೆಯೊಂದಿತ್ತು. ಸೂಚನೆಗಳಷ್ಟೇ ಇದ್ದ ಮೊದಲ ಪುಟವನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡಿ, ಮೈಮರೆತು, ಹಾಗೇ ಮುದ್ರಣಕ್ಕೆ ಕಳಿಸಿದರು.

ಪರೀಕ್ಷೆಯ ಕೋಣೆಯ ಮೇಲ್ವಿಚಾರಣೆಯೂ ಅವರದೇ. ಮಕ್ಕಳು ಎರಡನೆಯ ಪುಟ ತಿರುಗಿಸಿದ್ದೇ ತಡ, ಪೆನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು.

"ಸರ್, ಬಾಕ್ಸ್ ಒಳಗಿರೋದನ್ನ ಹಾಗೇ ಬರೀಬೇಕಾ?"

"ಪತ್ರಿಕೇಲಿ ಹೇಗಿದೆಯೋ ಹಾಗೆ ಮಾಡಮ್ಮ" ಎಂದರು, ಪತ್ರಿಕೆ ನೋಡದೆ.

ಅರ್ಧ ಗಂಟೆಗೆ ಕೋಣೆ ಖಾಲಿ. ಅಷ್ಟರಲ್ಲಿ ಪ್ರಾಂಶುಪಾಲರ ಕೈಗೆ ಒಂದು ಪ್ರತಿ ಸಿಕ್ಕಿತ್ತು. ಇಬ್ಬರನ್ನೂ ಕರೆಸಿದರು.

"ಉತ್ತರ ಯಾಕ್ರೀ ಅಚ್ಚಾಗಿದೆ?"

"ಎಡಿಟರಿನ ಹೊಸ ವರ್ಷನ್ ಸರಿ ಇಲ್ಲ ಸರ್" ಎಂದರು ಪೀಠಿಕೆ. ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕೇ.

ಮೇಡಂ ಕೇಳಿದರು: "ನನ್ನದೊಂದು ಸಾಲಿತ್ತಲ್ಲ ಸರ್, ಅದನ್ನ ಯಾಕೆ ತೆಗೆದ್ರಿ?"

"ನೋಡೋಕೆ ಚೆನ್ನಾಗಿರ್ಲಿಲ್ಲ."

ಅಚ್ಚಾದ ಮೇಲೆ ಯಾರ ಕಣ್ಣಿಗೂ ಬೀಳದ ಸಾಲು ಅದು.

ಮರುಪರೀಕ್ಷೆ ನಿಗದಿಯಾಯಿತು. ಮೇಡಂ ರಜೆ ಕೈಬಿಟ್ಟು ಹೊಸ ಪತ್ರಿಕೆ ಬರೆದು, ಪೀಠಿಕೆಯ ಮೇಜಿನ ಹತ್ತಿರವೂ ಸುಳಿಯದೆ ಮುದ್ರಣಕ್ಕೆ ಕೊಟ್ಟರು. ಪೀಠಿಕೆಗೆ ಸಿಕ್ಕಿದ್ದು ಬೆಂಚುಗಳಿಗೆ ನಂಬರು ಚೀಟಿ ಅಂಟಿಸುವ ಕೆಲಸ. ಅದರಿಂದ ಅವರಿಗೆ ಅವಮಾನವೇನೂ ಆಗಲಿಲ್ಲ. ಆ ಪೆಟ್ಟಿಗೆಯ ಬಣ್ಣದ ಬಗ್ಗೆ ಒಬ್ಬರೂ ಒಂದು ಒಳ್ಳೆಯ ಮಾತಾಡಲಿಲ್ಲವೆಂಬುದೇ ಅವರ ಕೊರಗು.

ಮರುಪರೀಕ್ಷೆಯ ಬೆಳಿಗ್ಗೆ ನಾನು ಹೋಗಿ ನೋಡಿದರೆ ಅರ್ಧಕ್ಕರ್ಧ ಬೆಂಚುಗಳು ಬೋಳು. ಇವರು ಸ್ಟಾಫ್ ರೂಮಿನಲ್ಲಿ ಕೂತು ಅಂಕಿಗಳಿಗೆ ಫಾಂಟ್ ಆರಿಸುತ್ತಿದ್ದರು.

"ಈ ಏಳು ಸ್ವಲ್ಪ ದಪ್ಪ ಕಾಣ್ತಿಲ್ವಾ?" ಎಂದು ನನ್ನನ್ನೇ ಕೇಳಿದರು.

ನಾನು ಸೀಮೆಸುಣ್ಣ ತೆಗೆದುಕೊಂಡು ಬೆಂಚುಗಳ ಕಡೆ ನಡೆದೆ.